ಬಿಡಿ, ಬೀಡಿ

ಕಂಕನಾಡಿಯ ಆಸ್ಪತ್ರೆಯ ಮೂರನೇ ಮಾಳಿಗೆ,
ಗ್ರಂಥಾಲಯದ ಕೊನೆಯ ಕಂಪ್ಯೂಟರು.
ಮೊದಲು ಬರೆದೆ: ಶ್ವಾಸಕೋಶ. ಆಮೇಲೆ: ಕ್ಯಾನ್ಸರ್.
ನಡುವೆ ಒಂದು 'ಮತ್ತು'.
ಈ ಯಂತ್ರಕ್ಕೆ ಗೊತ್ತಿರುವ ವ್ಯಾಕರಣ ಇಷ್ಟೇ:
ಮತ್ತು, ಅಥವಾ, ಅಲ್ಲ.
ಇಷ್ಟರಲ್ಲೇ ಜಗತ್ತಿನ ಕೆಮ್ಮನ್ನೆಲ್ಲ ಕೇಳಿಸಿಕೊಳ್ಳಬೇಕು.

"ನಮ್ಮೂರಿನ ರೋಗಿಗೆ ನಮ್ಮದೇ ಮಾರ್ಗಸೂಚಿ ಬೇಕು ಹರಿಣಾಕ್ಷಿ,
ಹೊರಗಿನದ್ದು ತಂದರೆ ಅಳತೆ ಕೂರುವುದಿಲ್ಲ.
ಸೋಮವಾರಕ್ಕೆ ಆಗ್ತದಾ?" ಎಂದಿದ್ದರು ಡಾಕ್ಟರ್ ನಫೀಸಾ.
ಯಾವ ಸೋಮವಾರ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಿಕ್ಕಿದ್ದು ನಾಲ್ಕು ಸಾವಿರದ ಮುನ್ನೂರ ಹನ್ನೆರಡು.
ಒಂದೇ ಲೇಖನ ಮೂರು ಕಡೆ ಮೂರು ವೇಷದಲ್ಲಿ ಬಂದದ್ದನ್ನು ತೆಗೆದರೆ
ಮೂರು ಸಾವಿರದ ಚಿಲ್ಲರೆ.
ಇಲಿಯ ಮೇಲೆ ಮಾಡಿದ್ದು, ಬೇಡ.
ಹತ್ತು ವರ್ಷಕ್ಕಿಂತ ಹಳತು, ಬೇಡ.
ಮೂವತ್ತಕ್ಕಿಂತ ಕಡಿಮೆ ಮಂದಿಯದ್ದು, ಬೇಡ.
ಬಿಡಿ ಪ್ರಕರಣ, ಒಬ್ಬಳೇ ಹೆಂಗಸು, ಒಂದೇ ಎಕ್ಸ್‌ರೇ,
ಬೇಡವೇ ಬೇಡ.
ಒಂದೊಂದನ್ನೂ ಇಬ್ಬರು ಓದಬೇಕೆಂಬ ನಿಯಮ,
ಒಬ್ಬರ ಗುಟ್ಟು ಒಬ್ಬರಿಗೆ ಬಿಡದೆ.
ನಾನು ಹೂಂ ಎಂದದ್ದಕ್ಕೆ ಪಿ.ಜಿ. ಹುಡುಗ ಗ್ಲೆನ್ವಿಲ್ ಊಹೂಂ ಎಂದರೆ
ತೀರ್ಮಾನ ನಫೀಸಾರದ್ದು.

ಈ ಕೆಲಸ ನನಗೆ ಹೊಸತಲ್ಲ.
ಪಚ್ಚನಾಡಿಯ ಬೀಡಿ ಬ್ರಾಂಚಿನಲ್ಲಿ ಶನಿವಾರ ಶನಿವಾರ
ಅಮ್ಮನ ಜೊತೆ ಸಾಲಿನಲ್ಲಿ ನಿಂತವಳು.
ಚೆಕ್ಕರ್ ರುಕ್ಮಯಣ್ಣ ಕಟ್ಟನ್ನು ಅಂಗೈಯಲ್ಲಿ ಒಮ್ಮೆ ಒತ್ತಿ
ತೆಳ್ಳಗಾದದ್ದು, ತಲೆ ಸರಿ ಮಡಿಸದ್ದು
ಹೆಬ್ಬೆರಳಲ್ಲಿ ಎಬ್ಬಿ ಬದಿಗೆ ಹಾಕುತ್ತಿದ್ದ.
ಅದಕ್ಕೆ ಕೂಲಿ ಇಲ್ಲ. ಹಿಂದಕ್ಕೂ ಕೊಡುವುದಿಲ್ಲ.
ಕಟ್ಟಿಗೆ ಇಪ್ಪತ್ತೈದು, ಸಾವಿರಕ್ಕೆ ನಲವತ್ತು ಕಟ್ಟು.
ನನಗೆ ಮಗ್ಗಿ ಬಂದದ್ದು ಹಾಗೆ.
ಕಾಲೇಜಿನ ಫೀಸು ಬಂದದ್ದೂ.

ಹತ್ತನೇ ದಿನ, ಯಾರೂ ಹೇಳದೆ, ಒಂದು ಪದ ಸೇರಿಸಿದೆ.
ಇಂಗ್ಲಿಷಿನವರು ಅದನ್ನು ಒಂದೇ ರೀತಿ ಬರೆಯುವುದಿಲ್ಲ.
ಬೀಡಿ ಅಥವಾ ಬಿರಿ ಅಥವಾ ಬಿಡಿ.
ಓದಿ ನಗು ಬಂತು, ಯಂತ್ರವೇ ಹೇಳಿದ ಹಾಗೆ:
ಬಿಡಿ ಹರಿಣಾಕ್ಷಿ, ಇದನ್ನು ಇಲ್ಲಿಗೇ ಬಿಡಿ.

ಬಂದವೆಲ್ಲ ಸೇದುವವರ ಲೆಕ್ಕ.
ದಿನಕ್ಕೆ ಎಷ್ಟು, ಎಷ್ಟು ವರ್ಷ, ಬಿಟ್ಟು ಎಷ್ಟಾಯಿತು.
ಕಟ್ಟುವವರದ್ದು ಬೆರಳಲ್ಲಿ ಎಣಿಸುವಷ್ಟು,
ಅದರಲ್ಲೂ ಒಂದು ಬೆನ್ನುನೋವಿನದ್ದು.
ಉಳಿದವು ಕೇರಿದರೆ ಹಾರಿಹೋಗುವಂಥವು.

ಕಾರಿಡಾರಿನ ಬೋರ್ಡು ಹೇಳುತ್ತದೆ: ಬೀಡಿ ಬಿಡಿ.
ಅಮ್ಮ ಒಂದು ದಿನ ಸೇದಿದವಳಲ್ಲ. ಏನನ್ನು ಬಿಡಬೇಕಿತ್ತು?
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪಿನ ಹುಡಿ,
ಕಿಟಕಿ ಹಾಕಿಯೇ ಕಟ್ಟಬೇಕು,
ಗಾಳಿಗೆ ಹಾರಿದರೆ ಲುಕ್ಸಾನು.
ಮೂವತ್ತೊಂದು ವರ್ಷ.
ಅದರಿಂದಲೇ ಬಂತು ಎನ್ನಲು ನನ್ನಲ್ಲಿ ಪುರಾವೆ ಇಲ್ಲ.
ಅದರಿಂದಲ್ಲ ಎನ್ನಲೂ.
'ಸಾಕ್ಷ್ಯ ಸಾಲದು' ಎಂಬ ಕಾಲಂ
ನಾನೇ ನನ್ನ ಕೈಯಾರೆ ತುಂಬಿದೆ.

ಮಧ್ಯಾಹ್ನ ರೆಕಾರ್ಡ್ ರೂಮಿಗೆ ಹೋಗಿ ಹಳೇ ಫೈಲು ತೆಗೆಸಿದೆ.
ಇದು ಹುಡುಕಾಟದ ವಿಧಾನದಲ್ಲಿ ಇಲ್ಲ.
ಸೇಸಮ್ಮ. ಅರವತ್ತಮೂರು. ಹೆಣ್ಣು.
ಧೂಮಪಾನ: ಇಲ್ಲ.
ಉದ್ಯೋಗ: ಗೃಹಿಣಿ.

ಬರೆದವನ ಅಕ್ಷರ ದುಂಡಗಿತ್ತು. ಅವನ ತಪ್ಪಲ್ಲ.
ಕೇಳಿದ್ದಕ್ಕೆ ಅಮ್ಮನೇ ಹಾಗೆ ಹೇಳಿರಬೇಕು.

ಎಪ್ಪತ್ತೆರಡು ಶಿಫಾರಸುಗಳಲ್ಲಿ
ಒಂದನ್ನು ಮಾತ್ರ ನಾನು ಕೇಳಿ ಹಾಕಿಸಿದೆ.
ನಫೀಸಾ ಕನ್ನಡಕ ತೆಗೆದು ಒರೆಸುತ್ತ, "ಪುರಾವೆಯ ದರ್ಜೆ?" ಎಂದರು.
"ಅತಿ ಕಡಿಮೆ," ಎಂದೆ.
ಗ್ಲೆನ್ವಿಲ್ ಈ ಸಲ ಊಹೂಂ ಎನ್ನಲಿಲ್ಲ.
ಹದಿನೇಳನೆಯದು: ಉದ್ಯೋಗ ಕೇಳಿದ ಮೇಲೆ
ಇನ್ನೊಮ್ಮೆ ಕೇಳಿ.

ಕೆಳಗೆ ಒ.ಪಿ.ಡಿ.ಯಲ್ಲಿ ಹೊಸ ಫಾರ್ಮು ಹಿಡಿದ ಹುಡುಗಿ,
ಘಟ್ಟದ ಮೇಲಿನವಳಿರಬೇಕು, ಭಾಷೆ ಬೇರೆ,
ಎರಡನೇ ಸಲ ಕೇಳುತ್ತಿದ್ದಳು.
"ಕೆಲಸ ಎಂತದ್ದೂ ಇಲ್ಲ ಮಗಾ, ಮನೆಯಲ್ಲೇ," ಎಂದ ಮುದುಕಿ
ಕೆಮ್ಮು ಮುಗಿಯುವವರೆಗೆ ಅವಳನ್ನು ಕಾಯಿಸಿ,
"ಬೀಡಿ ಕಟ್ಟುದು, ಅಷ್ಟೆ."