ಅಳತಿ ತಗೊಂಡ ತಾರೀಖು

ಜೂನ್ ಹದಿನೆಂಟು, ಮಂಗಳವಾರ.
ಮುದಗಲ್ಲಿನ ಸಾಲಿ ವರಾಂಡದಾಗ
ಅರವತ್ಮೂರು ಹುಡುಗ್ರನ್ನ ನಿಲ್ಲಿಸಿ ಟೇಪು ಹಿಡದೆ.
ಹೆಗಲು ಹನ್ನೊಂದು, ತೋಳು ಹದಿನಾಲ್ಕು,
"ಉಸುರು ಬಿಡಲೇ ಮುದಕಪ್ಪ, ಎದಿ ಉಬ್ಬಿಸಬ್ಯಾಡ."
ಕೆಂಪು ರಟ್ಟಿನ ಬುಕ್ಕಿನ್ಯಾಗ ಎಲ್ಲಾ ಬರಕೊಂಡೆ,
ಮ್ಯಾಲ ತಾರೀಖು ಹಾಕಿದೆ. ನಮ್ಮಪ್ಪ ಕಲಿಸಿದ್ದು ಅದು:
ತಾರೀಖಿಲ್ಲದ ಅಳತಿ ಯಾರ ಮೈಗೂ ಕೂಡೂದಿಲ್ಲ.

ಬಟ್ಟಿ ಸರ್ಕಾರದ್ದು, ಹೊಲಿಗಿ ನಂದು.
ಜುಲೈ ಮುಗೀತು. ಬಟ್ಟಿ ಬರಲಿಲ್ಲ.
ಅಂಬಮ್ಮ ಮೇಡಮ್ಮೋರು "ಮ್ಯಾಲಿಂದ ಬರಬೇಕು" ಅಂದ್ರು.
ಮ್ಯಾಲ ಅಂದ್ರ ಎಲ್ಲಿ ಮೇಡಂ?
ಅವರು ಫ್ಯಾನು ನೋಡಿದ್ರು.
ಅದೂ ತಿರಗ್ತಿರಲಿಲ್ಲ.

ಕಡೀಕ ಒಂದು ಅರ್ಜಿ ಬರದೆ.
ಬಟ್ಟಿ ಕೇಳಿಲ್ರಿ ನಾನು, ತಾರೀಖು ಕೇಳಿದೆ.
ಯಾವಾಗ ಬರ್ತೈತಿ, ತಿಳಿಸ್ರಿ.
ಒಂದ ಸಾಲು. ಝೆರಾಕ್ಸ್ ಅಂಗಡಿ ಹುಡುಗ
"ಇಷ್ಟ ಬರದ್ರ ಅರ್ಜಿ ಅನ್ನೂದಿಲ್ಲ ಚಾಚಾ" ಅಂತ
ಮಾನ್ಯರೇ ಸೇರಿಸಿದ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸೇರಿಸಿದ,
ಕೆಳಗ, ತಮ್ಮ ವಿಶ್ವಾಸಿ, ಶಾಮೀದಸಾಬ, ದರ್ಜಿ.
ವಿಶ್ವಾಸ ಅವಾಗ ಇತ್ತು.

ಲಿಂಗಸುಗೂರಿಗೆ ಬಸ್ಸು. ಬಿಇಒ ಆಫೀಸು.
ಆವಕ ನಂಬರ್ ನಾನೂರ ಹದಿನೇಳು.
ಗುಂಡನ ಸಿಕ್ಕಾ ಬಿತ್ತು, ನೇರಳಿ ಬಣ್ಣ.
ಆಮ್ಯಾಲ ಐದು ಸಲ ಹೋಗಿ ಬಂದೆ.
ಸಾಹೇಬ್ರು ಮೀಟಿಂಗಿನ್ಯಾಗ. ಸಾಹೇಬ್ರು ರಾಯಚೂರಿಗೆ.
ಫೈಲು ಟೇಬಲ್ಲಿಗೆ ಹೋಗೇತಿ. ಯಾವ ಟೇಬಲ್ಲು?
ಪುರಸಭೆಯಾಗ ಕೇಳ್ರಿ. ಪುರಸಭೆಯವರು: ಅದು ಸಾಲಿ ಇಲಾಖಿ.
ತುದಿ ಸಿಗದ ದಾರದುಂಡಿ,
ಎಳದಷ್ಟೂ ಗಂಟು.

ಸುಳ್ಳ್ಯಾಕ ಹೇಳ್ಲಿ, "ನಾಳಿ ಬಾ" ನನ್ನದ ಮಾತು.
ರಂಜಾನ್ ಮುಂದ, ಮದಿವಿ ಸೀಜನ್ನಿನ್ಯಾಗ
ಎಷ್ಟು ಮಂದಿಗೆ ಹೇಳೀನೋ.
"ಕಾಜಾ ಅಷ್ಟ ಬಾಕಿ" ಅಂದಾಗ
ಬಟ್ಟಿ ಇನ್ನಾ ಕತ್ರಿ ಕಂಡಿರೂದಿಲ್ಲ.
ಆದ್ರ ಬೈಸಿಕೊಳ್ಳಾಕ ನಾನು ಅಂಗಡ್ಯಾಗ ಇರ್ತೀನಿ.
ದುರುಗಮ್ಮ ಬಂದು ಜಂಪರಿಗೆ ಕೂಗಾಡಿದ್ರ
ಮಿಷೀನು ನಿಲ್ಲಿಸಿ, ತಲಿ ತಗ್ಗಿಸಿ ಕೇಳ್ತೀನಿ,
ಅವತ್ತ ರಾತ್ರಿ ಕುಂತು ಹೊಲಿತೀನಿ.

ಒಬ್ಬಾಕಿ ಮಾತ್ರ, ಆವಕದ ಹುಡುಗಿ, ಹೊಸದಾಗಿ ಬಂದಾಕಿ,
ಕನ್ನಡಕ ತಗದು ಅಂದ್ಲು: "ಕಾಕಾ, ನನಗ ಗೊತ್ತಿಲ್ಲ.
ಇಲ್ಲಿ ಯಾರಿಗೂ ಗೊತ್ತಿಲ್ಲ.
ಬಸ್ ಚಾರ್ಜು ಹಾಳು ಮಾಡಬ್ಯಾಡ್ರಿ,
ನಂಬರ್ ಕೊಡ್ರಿ, ತಿಳಿದ ದಿನ ಫೋನ್ ಮಾಡ್ತೀನಿ."
ಐದು ತಿಂಗಳಿಗೆ ಅದೊಂದ ಉತ್ರ.
ಬಸ್ಸಿನ ಕಿಟಕಿ ಪಕ್ಕ ಕುಂತು
ಸರ್ಕಾರ ನನಗ ಚಾ ಕುಡಿಸಿ ಕಳಿಸಿದಂಗ ಬಂದೆ.

ಮಾಡಿದ್ಲು. ಜನವರಿ ಒಂಬತ್ತಕ್ಕ, ಸಂಜಿ.
ಬಟ್ಟಿ ಬಂತು. ಬಂದು ವಾರಕ್ಕ ಅಂಚೆಯಾಗ ಹಿಂಬರಹ:
ಸದರಿ ವಿಷಯವು ಪರಿಶೀಲನೆಯಲ್ಲಿರುತ್ತದೆ.

ಕೆಂಪು ಬುಕ್ಕು ತಗದೆ.
ಹನ್ನೊಂದಿದ್ದ ಹೆಗಲು ಯಾವದೂ ಹನ್ನೊಂದಿಲ್ಲ.
ಸಾನಿಯಾನ ತೋಳು ಎರಡು ಬೆರಳು ಮುಂದ ಹೋಗೇತಿ.
ಮುದಕಪ್ಪನ ಎದಿ ಈಗ ಉಬ್ಬಿಸದನ ಉಬ್ಬೇತಿ.
ರೇಣುಕಾನ ಅಳತಿ ಐತಿ, ರೇಣುಕಾ ಇಲ್ಲ;
ಹಳೆ ಲಂಗ ಮೊಳಕಾಲು ದಾಟಿ ಮ್ಯಾಲೇರಿತ್ತಂತ,
ಹುಡುಗ್ರು ನಗ್ತಿದ್ರಂತ,
ದೀಪಾವಳಿ ಆದಮ್ಯಾಲ ಬರಲಿಲ್ಲಂತ.
ಇದನ್ನ ಕೇಳಾಕ ಯಾವ ಟೇಬಲ್ಲಿಗೆ ಹೋಗ್ಲಿ?
ಆಕಿ ಪೀಸು ಕತ್ತರಿಸದ ಹಂಗ ಇಟ್ಟೀನಿ.

ಮತ್ತ ನಿಲ್ಲಿಸಿದೆ. ಅರವತ್ತೆರಡು.
ಹೊಸ ಹಾಳಿ, ಹೊಸ ತಾರೀಖು.
ಈ ಸಲ ತೋಳಿನ ತುದಿಗೆ, ಲಂಗದ ಅಂಚಿಗೆ
ಎರಡಿಂಚು ಒಳಗ ಮಡಚಿ ಹೊಲಿಯಾಕ ಹತ್ತೀನಿ.
"ಇಲ್ಲ್ಯಾಕ ಚಾಚಾ ಇಷ್ಟು ದಪ್ಪ?" ಅಂದ್ಲು ಸಾನಿಯಾ.
ಕೂಸು ಕೇಳಿದ್ದಕ್ಕ ಅವತ್ತ ಹೇಳಬೇಕು:
ಅದು ಮುಂದಿನ ವರ್ಷದ ಸರ್ಕಾರಕ್ಕವ್ವ,
ದಾರ ಸಡಲ ಬಿಟ್ಟೀನಿ,
ಬಿಚ್ಚಾಕ ಬ್ಲೇಡು ಬ್ಯಾಡ,
ಉಗುರು ಸಾಕು.