ಒಂದು ಉದ್ದ, ಎರಡು ಗಿಡ್ಡ

ಜೆರೋಮ್ ಮಾಸ್ಟರ್ ಹೇಳಿದ್ದು: ಗ್ವೀರೋ.
ನನ್ನ ಕಿವಿಗೆ ಬಿದ್ದದ್ದು: ಗೀರೋ.
ಗೀರು ಅಂದರೆ ಗೀರುತ್ತೇನೆ ಮಾಸ್ಟ್ರೇ, ಅದಕ್ಕೇನಂತೆ,
ಬೆಳಗಿಂದ ಬೈಗಿನತನಕ ದುರ್ಗಿಗುಡಿಯ ಅಂಗಡಿಯಲ್ಲಿ
ಊರಿನ ಗಲ್ಲ ಗೀರುವುದೇ ನನ್ನ ಕಸುಬು,
ರಕ್ತ ಬರದ ಹಾಗೆ.

ಆರ್ಕೆಸ್ಟ್ರಾದವರೆಲ್ಲ ನಕ್ಕರು. ಮಾಸ್ಟರ್ ನಗಲಿಲ್ಲ.
ಹಳೇ ಪುಸ್ತಕದ ಚಿತ್ರ ತೋರಿಸಿದರು:
ಕಡಲಾಚೆ ಯಾವುದೋ ದ್ವೀಪ,
ಹೂವಿನಂಗಿ ತೊಟ್ಟ ಮುದುಕ,
ಅವನ ಎಡಗೈಯಲ್ಲಿ, ಅರೆ,
ನಮ್ಮದೇ ಸೋರೆ ಬುರುಡೆ!
ಮೈತುಂಬ ಅಡ್ಡಗೆರೆ. ಬಲಗೈಯಲ್ಲಿ ಕಡ್ಡಿ.
ಹೆಂಗಸರು ಕುಣಿಯುತ್ತಿದ್ದರು, ಲಂಗದ ಅಂಚು ಚಿತ್ರದಿಂದ ಹೊರಗೆ.

ಶಿವಮೊಗ್ಗೆಯ ಅಂಗಡಿಗಳಲ್ಲಿ ಇದೆಲ್ಲಿ ಸಿಕ್ಕೀತು?
ಆಯನೂರಿನ ಆಚೆ ದ್ಯಾವಕ್ಕನ ಒಲೆಯ ಮೇಲೆ ತೂಗುತ್ತಿತ್ತು,
ಹೊಗೆ ಕುಡಿದು ಕುಡಿದು ಬೆಲ್ಲದ ಬಣ್ಣ, ಹೊಟ್ಟೆತುಂಬ ಬೀಜ.
‘ಗೀಚಿದ ಬುರುಡೆ ನೀರಿಗೂ ಇಲ್ಲ, ಬೀಜಕ್ಕೂ ಇಲ್ಲ.
ಯಾತಕ್ಕೆ ನಿಂಗೆ?’
‘ಹಾಡಿಗೆ’ ಅಂದೆ.
ಒಂದು ಗಳಿಗೆ ನೋಡಿದಳು.
ಬೀಜವನ್ನೆಲ್ಲ ಸೆರಗಿಗೆ ಸುರುವಿಕೊಂಡಳು,
ಬುಡ ತಟ್ಟಿದಳು ಮೂರು ಸಲ, ಕೊಟ್ಟಳು.
ದುಡ್ಡು ಬೇಡ, ಮಗನಿಗೊಂದು ಕ್ರಾಪು ಹೊಡಿ.

ಗೆರೆ ಕೊರೆದವನು ಭದ್ರಾವತಿಯ ಫಿಟ್ಟರ್ ಪೊನ್ನುರಂಗ,
ಹ್ಯಾಕ್ಸಾ ಬ್ಲೇಡಿನಲ್ಲಿ, ಉಸಿರು ಬಿಗಿಹಿಡಿದು, ಇಪ್ಪತ್ತೇಳು.
ಹದಿನೇಳನೆಯದು ಓರೆ.
ಅದು ಕೊರೆವಾಗ ಕಾರ್ಖಾನೆಯ ಸೈರನ್ ಕೂಗಿತಂತೆ.
ಕಡ್ಡಿ, ಮುರಿದ ಕೊಡೆಯದು.

ಅಪ್ಪ ನೋಡಿದ.
ಐವತ್ತು ವರ್ಷ ಓಲಗ ಊದಿ ಜೋತ ಕೆನ್ನೆ ಅವನದು.
ಎಷ್ಟು ಧಾರೆಗೆ ಊದಿದ್ದ,
ಎಷ್ಟು ಚಪ್ಪರಗಳ ಹೊರಗೆ ಎಲೆ ಹಾಕಿಸಿಕೊಂಡಿದ್ದ.
‘ಸ್ವರ ಇಲ್ಲ ಶ್ರುತಿ ಇಲ್ಲ, ಏನೋ ಇದು,
ನಾಯಿ ಮೈ ಕೆರಕೊಂಡಂಗೆ.’
ಮರುದಿನ ಬೆಳಗ್ಗೆ ಹಿತ್ತಿಲಲ್ಲಿ
ತಾನೇ ಗೀರುತ್ತಿದ್ದ, ಕದ್ದು,
ಆದಿತಾಳಕ್ಕೆ.

ಪೋಸ್ಟರಿನಲ್ಲಿ ಗಾಯಕರ ಹೆಸರು ದಪ್ಪಕ್ಷರ,
ಕೆಳಗೆ ‘ಮತ್ತು ಸಂಗಡಿಗರು’.
ಅದರಲ್ಲಿ ‘ಮತ್ತು’ ನಾನು.
ಆ ರಾತ್ರಿ ಎರಡೂ ಅರ್ಥದಲ್ಲಿ.

ಕರ್ರ... ಚಿಕ್ ಚಿಕ್.
ಕರ್ರ... ಚಿಕ್ ಚಿಕ್.
ವೇದಿಕೆಯ ಅಂಚು, ಮೈಕು ಇಲ್ಲ, ಸೊಳ್ಳೆ ಉಂಟು,
ಆದರೂ ಮುಂದಿನ ಸಾಲಿನ ಸರ್ಕಲ್ ಇನ್‌ಸ್ಪೆಕ್ಟರ್ ಭುಜ
ತನಗೇ ಗೊತ್ತಿಲ್ಲದೆ ಅಲುಗಿದ್ದನ್ನು
ನಾನು ಕಂಡಿದ್ದೇನೆ.

ಒಳಗೊಂದು ಬೀಜ ಉಳಿದುಬಿಟ್ಟಿತ್ತು.
ಪ್ರತಿ ಉದ್ದ ಗೀರಿಗೂ ಅದೊಂದು ಸಲ ತಟ್ ಅನ್ನುವುದು,
ಕಾಲು ಮಾತ್ರೆ ತಡವಾಗಿ,
ಬಸ್ಸಿನ ಹಿಂದೆ ಓಡಿಬರುವವನ ಹಾಗೆ.
ಮಾಸ್ಟರ್ ತಿರುಗಿ ನೋಡಿದರು.
ಚಿಮಟ ಹಾಕಿ ತೆಗಿ ಅಂದರು. ನಾಳೆ ಕೇಳಿದರು, ತೆಗೆದೆ ಅಂದೆ.
ತೆಗೆದಿರಲಿಲ್ಲ.
ಅವರಿಗೂ ಅದು ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ಈಗ ಕೀಬೋರ್ಡಿನಲ್ಲಿ ಅದಕ್ಕೊಂದು ಗುಂಡಿ.
ಒತ್ತಿದರೆ ಬರುತ್ತದೆ, ಅಚ್ಚುಕಟ್ಟು,
ಎಲ್ಲ ಗೆರೆಯೂ ಸಮ, ಯಾವ ಸೈರನ್ನೂ ಕೂಗಿಲ್ಲ.
ಬುರುಡೆ ನನ್ನ ಅಂಗಡಿಯ ಕನ್ನಡಿಯ ಮೇಲೆ.
ಕ್ರಾಪಿಗೆ ಬಂದ ಮಕ್ಕಳು ಬಾಚಣಿಗೆಯಲ್ಲಿ ಗೀರುತ್ತಾರೆ,
ಪೌಡರಿನ ಧೂಳು ಉದುರುತ್ತದೆ.

ಜೆರೋಮ್ ಮಾಸ್ಟರಿಗೆ ಕೊನೆಯ ಸಲ
ಮೆಗ್ಗಾನ್ ಆಸ್ಪತ್ರೆಯಲ್ಲಿ ಗಡ್ಡ ಹೆರೆದವನು ನಾನೇ.
ಮಗಳು ಕರೆಸಿದ್ದಳು, ಪೆಟ್ಟಿಗೆಗೆ ಇಡುವ ಮುಂಚೆ.
ನಾಲ್ಕು ದಿನದ ಬಿಳಿ ಕೂಳೆ,
ತಣ್ಣಗಾದ ಚರ್ಮ, ನೊರೆ ಒಣಗುತ್ತಲೇ ಇಲ್ಲ.
ಕಿವಿಯಿಂದ ಗದ್ದದವರೆಗೆ ಒಂದೇ ಎಳೆತ, ಕರ್ರ...
ಕೈ ನನ್ನನ್ನು ಕೇಳಲೇ ಇಲ್ಲ,
ತುಟಿಯ ಕೆಳಗೆ ಎರಡು ಗಿಡ್ಡ ಹಾಕಿತು.

ಆಮೇಲೆ ಕಾದೆ, ಅಭ್ಯಾಸಬಲ,
ಕಾಲು ಮಾತ್ರೆ.

ಹೊರಗೆ ವರಾಂಡದಲ್ಲಿ ಯಾರೋ
ಗಂಜಿಯ ಡಬ್ಬಿ ಕೆಳಗಿಟ್ಟರು.