ಶನಿವಾರ ರಾತ್ರಿಯ ಜತನ

ಮೊದಲು ಎಲ್ಲರನ್ನೂ ಹೊರಗೆ ಕಳಿಸಬೇಕು, ತೆಲ್ಮೊ.
ಒಂಬತ್ತಕ್ಕೆ ಒಂದು ಸಂದೇಶ, ಒಂಬತ್ತೂಕಾಲಿಗೆ ಇನ್ನೊಂದು,
ಆಮೇಲೂ ಕೂತವರಿದ್ದರೆ ಫೋನು ಮಾಡಿ ಬೈಯಬೇಕು.
ತೂಕದ ಮನೆಯವರು ಮೊಂಡರು. ಪರದೆ ಹಾಗೇ ಬಿಟ್ಟು
ಊಟಕ್ಕೆ ಹೋಗುತ್ತಾರೆ; ಹೋದವರು ಹೋದರೇ.

ಯಾರೂ ಇಲ್ಲದ ಮನೆಯನ್ನಷ್ಟೇ
ಈ ಯಂತ್ರ ಪೂರ್ತಿಯಾಗಿ ಎತ್ತಿಡಬಲ್ಲದು.
ಆಗೆಲ್ಲ ಜನ ಒಳಗಿರುವಾಗಲೇ ಟೇಪು ಓಡಿಸುತ್ತಿದ್ದೆವು.
ಒಬ್ಬ ಯಾರೋ ಕಡತದ ಚಿಲಕ ಹಿಡಿದು ನಿಂತಿದ್ದರೆ
ಅದೊಂದನ್ನು ಬಿಟ್ಟು ಸುಮ್ಮನೆ ಮುಂದೆ ಹೋಗುತ್ತದೆ,
ಗದ್ದಲ ಮಾಡುವುದಿಲ್ಲ. ಕೊನೆಗೆ ಒಂದೇ ಸಾಲು:
ಮುಗಿಯಿತು, ಮೂರು ವಸ್ತು ಉಳಿಸಲಾಗಲಿಲ್ಲ.
'ಮುಗಿಯಿತು' ಅಷ್ಟನ್ನೇ ಓದಿ ದೀಪ ಆರಿಸಿದೆವು,
ಹನ್ನೊಂದು ಶನಿವಾರ.

ಜೂನ್ ತಿಂಗಳು. ತೊಗಟೆ ಸುಲಿಯುವ ಕಾಲ.
ಕಾರ್ಕ್ ಹೊತ್ತ ಲಾರಿಗಳು ಸೊರಾಯ ನದಿಯ ಸೇತುವೆ ದಾಟಿ
ಕೊರುಶೆಯ ನಮ್ಮ ಗೇಟಿನವರೆಗೆ ಸಾಲುಗಟ್ಟಿದ್ದವು.
ಮಂಗಳವಾರ ಬೆಳಗಿನ ಜಾವ ಎರಡು ಡಿಸ್ಕು ಒಟ್ಟಿಗೆ ಸತ್ತವು.
ಒಂದು ಸತ್ತರೆ ತಡೆದುಕೊಳ್ಳುತ್ತದೆ. ಎರಡಾದರೆ
ಹಳದಿ ದೀಪ ಹಚ್ಚಿಕೊಂಡು ಮಲಗಿಬಿಡುತ್ತದೆ.

ಲಿಸ್ಬನ್ನಿನಿಂದ ಬಂದ ಝುಲ್ಮೀರಾ ಹೊಸ ಡಿಸ್ಕು ಕೂರಿಸಿ
ಕೈ ಚಾಚಿದಳು: ಟೇಪು?
ನಮ್ಮ ಮನೆಯಲ್ಲಿತ್ತು, ಹಿಟ್ಟಿನ ಡಬ್ಬದ ಪಕ್ಕ.
ಬ್ಯಾಂಕಿನ ಲಾಕರಿಗೆ ಧಣಿ ದುಡ್ಡು ಬಿಚ್ಚಿರಲಿಲ್ಲ.

ಮರಳಿಸುವುದಕ್ಕೆ ಒಂದು ಕ್ರಮ ಇದೆ, ಬರೆದುಕೊ.
ಮೊದಲು ಯಂತ್ರಕ್ಕೆ ತಾನು ಯಾರೆಂಬ ಎಚ್ಚರ.
ಆಮೇಲೆ ಹೆಸರುಗಳು. ಬರೀ ಹೆಸರುಗಳು.
ಮಾಡಲು ಕೆಲಸವಿಲ್ಲ, ಕೂರಲು ಜಾಗವಿಲ್ಲ,
ನೂರ ನಲವತ್ತು ಹೆಸರು ಕತ್ತಲಲ್ಲಿ ಬಂದು ನಿಲ್ಲುತ್ತವೆ.
ಆಮೇಲೆ ಪರದೆಗಳು, ಪ್ರಿಂಟರುಗಳು.
ಆಮೇಲೆ ಲೈಬ್ರರಿಗಳು, ಒಂದೊಂದಾಗಿ, ಗಂಟೆಗಟ್ಟಲೆ;
ಕಾಫಿ ಕುಡಿ, ಆದರೆ ಕೋಣೆ ಬಿಟ್ಟು ಹೋಗಬೇಡ.
ಎಲ್ಲಕ್ಕಿಂತ ಕೊನೆಗೆ ಹಕ್ಕು: ಯಾರು ಏನನ್ನು ಮುಟ್ಟಬಹುದು.
ಅದನ್ನು ಮರೆತರೆ ಎಲ್ಲ ಇದ್ದೂ ಯಾರ ಕೈಗೂ ಏನೂ ಹತ್ತುವುದಿಲ್ಲ.

ಬುಧವಾರ ಸಂಜೆ ಐದಕ್ಕೆ ಎಲ್ಲ ಬಂದಿತ್ತು.
ತೂಕದ ಕಡತ ಬಂದಿರಲಿಲ್ಲ.
ಮಾರ್ಚಿ ಕೊನೆಯವರೆಗೆ ಹಳೆಯ ಟೇಪಿನಲ್ಲಿ ಸಿಕ್ಕಿತು,
ಈಚಿನದು ಎಲ್ಲೂ ಇಲ್ಲ.
ಅದರ ಚಿಲಕ ಹಿಡಿದಿದ್ದವನು ಬೆಲ್ಮೀರು.
ಮತ್ತೆ ಒಳಗೆ ಬರುವ ಗುಟ್ಟಿನ ಪದ ಮರೆತುಹೋದೀತೆಂದು
ಹನ್ನೊಂದು ವಾರ ಹೊರಗೇ ಬಂದಿರಲಿಲ್ಲ ಆಸಾಮಿ.

ಬೈಯಲೆಂದೇ ಹೋದೆ. ಅವನು ಅಂಗಿಯ ಜೇಬಿನಿಂದ
ಸಿಗರೇಟು ಪ್ಯಾಕಿನಷ್ಟಗಲದ ಪುಸ್ತಕ ತೆಗೆದ.
ಪ್ರತಿ ಲಾರಿ, ಪ್ರತಿ ತೂಕ, ತೇವಕ್ಕೆಂದು ಕಳೆದದ್ದು ಎಷ್ಟು.
ಇದು ಯಾಕೆ ಮತ್ತೆ, ಅಂದೆ.
"ಇದಕ್ಕೆ ಗುಟ್ಟಿನ ಪದ ಬೇಡ" ಅಂದ.

ಹತ್ತೊಂಬತ್ತು ದಿನ ಕೂತು ಕುಟ್ಟಿದೆವು.
ಅವನ ಒಂದು ಏಳರ ಹಾಗೆ ಕಾಣುವುದು;
ಕರೆದು ಕೇಳಿದರೆ ಅಂಕಿ ಬಿಟ್ಟು
ಲಾರಿಯವನ ಹೆಸರು ಹೇಳುವನು, ಅವನ ನಾಯಿಯದೂ.

ನಮ್ಮಪ್ಪ ತೊಗಟೆ ಸುಲಿಯುವವ. ಸುಲಿದ ಕೆಂಪು ಮೈಮೇಲೆ
ಆ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದ.
ಒಂಬತ್ತು ವರ್ಷ ಆ ಮರಕ್ಕೆ ಕೊಡಲಿ ತಾಗಿಸುವ ಹಾಗಿಲ್ಲ.
ಟೇಪಿನ ಚೀಟಿಯನ್ನು ನೀನೂ ಹಾಗೆ ದಪ್ಪಗೆ ಬರಿ.
ಮೂರಕ್ಕೂ ಎಂಟಕ್ಕೂ ಗೊಂದಲ ಬೇಡ.

ಬೆಲ್ಮೀರು ಹೋಗಿ ಆರು ವರ್ಷ.
ಅವನ ಹೆಸರು ಅಳಿಸಹೋದರೆ ಯಂತ್ರ ಒಪ್ಪುವುದಿಲ್ಲ:
ಇವನ ಒಡೆತನದಲ್ಲಿ ವಸ್ತುಗಳಿವೆ, ಅನ್ನುತ್ತದೆ, ನಲವತ್ತೆರಡು.
ಬೇರೆಯವರ ಹೆಸರಿಗೆ ಬರೆದುಬಿಡಬಹುದು, ಒಂದೇ ಆಜ್ಞೆ ಸಾಕು.
ಆಡಿಟರು ಎರಡು ಸಲ ಕೇಳಿದ. ಆಗಲಿ, ಮಾಡೋಣ ಅಂದೆ.
ಬಾಗಿಲೇನೋ ಹಾಕಿದ್ದೇನೆ, ಆ ಹೆಸರಲ್ಲಿ ಯಾರೂ ಒಳಗೆ ಬರಲಾರರು.
ಆದರೂ ಪ್ರತಿ ಶನಿವಾರ ಅವನು ಟೇಪಿಗೆ ಹೋಗುತ್ತಾನೆ,
ಹೆಸರುಗಳ ಗುಂಪಿನಲ್ಲಿ, ತೂಕದ ಕಡತಕ್ಕಿಂತ ಮೊದಲು.
ಮುಂದಿನ ತಿಂಗಳಿಂದ ನನ್ನ ಹೆಸರೂ ಹಾಗೇ.
ಏನು ಮಾಡುತ್ತೀಯೋ, ನಿನಗೆ ಬಿಟ್ಟದ್ದು.

ಒಂಬತ್ತೂಕಾಲಾಯಿತು. ಸಂದೇಶ ಕಳಿಸು.
ತೂಕದ ಮನೆಯಲ್ಲಿ ಒಂದು ಪರದೆ ಇನ್ನೂ ಉರಿಯುತ್ತಿದೆ.
ಫೋನು ಬೇಡ, ನಡೆದೇ ಹೋಗು.
ಹೊರಗೆ ಚಳಿ ಇದೆ, ನನ್ನ ಕೋಟು ಹಾಕಿಕೊ.